‘ಆಟಗಾರ ತೊಟ್ಟಿದ್ದ ಜೆರ್ಸಿ’ ಮಾರಾಟಕ್ಕಿದೆ: ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಅದು ಅಸಲಿಯೇ?

“ಫೈನಲ್‌ನಲ್ಲಿ ಕೊಹ್ಲಿ ತೊಟ್ಟಿದ್ದ ಜೆರ್ಸಿ. ಸಹಿ ಇದೆ, ಸರ್ಟಿಫಿಕೇಟ್ ಇದೆ. 50 ಪೀಸ್ ಮಾತ್ರ ಉಳಿದಿವೆ. ಬೆಲೆ 4,999. ಬೇಗ ಬುಕ್ ಮಾಡಿ, ಫ್ರೆಂಡ್ಸ್‌ಗೆ ಶೇರ್ ಮಾಡಿ.” ಹೆಚ್ಚುಕಮ್ಮಿ ಈ ಧಾಟಿಯ ಮೆಸೇಜು ನಿಮ್ಮ ಕ್ರಿಕೆಟ್ ಗ್ರೂಪಿಗೂ ಬಂದಿರಬಹುದು. ಇದು ಸುಳ್ಳು ಎನ್ನಲು ಲ್ಯಾಬ್ ಬೇಕಿಲ್ಲ, ಎಣಿಸಲು ಬಂದರೆ ಸಾಕು. ಒಂದು ಟಿ20 ಪಂದ್ಯಕ್ಕೆ ಒಬ್ಬ ಆಟಗಾರ ಒಂದು ಅಂಗಿ ತೊಡುತ್ತಾನೆ. ಬೆವರಿ ಒದ್ದೆಯಾಯಿತೆಂದು ನಡುವೆ ಬದಲಿಸಿದರೆ ಎರಡಾಯಿತು. 50 ಎಲ್ಲಿಂದ ಬಂತು?

ಆದರೆ ಎಲ್ಲ ಮೋಸವೂ ಇಷ್ಟು ಪೆದ್ದಾಗಿರುವುದಿಲ್ಲ. ಪಂದ್ಯದಲ್ಲಿ ನಿಜವಾಗಿ ತೊಟ್ಟ ಜೆರ್ಸಿಗಳನ್ನು ಕೊಂಡು ಜೋಪಾನ ಮಾಡುವ ಹವ್ಯಾಸ ಅಮೆರಿಕ, ಕೆನಡಾ, ಯುರೋಪುಗಳಲ್ಲಿ ದಶಕಗಳಿಂದ ಇದೆ. ಅಲ್ಲಿ ಐದಾರು ಅಂಕಿಯ ಡಾಲರ್ ಕೊಟ್ಟು, ಕಾಗದಪತ್ರವೆಲ್ಲ ನೋಡಿಯೇ ಕೊಂಡ ಅನುಭವಸ್ಥರೂ ಮೋಸ ಹೋಗಿದ್ದಾರೆ. ಅವರಿಗೆ ಆದದ್ದನ್ನು ತಿಳಿದರೆ ನಮ್ಮ ಗ್ರೂಪಿನ ಮೆಸೇಜನ್ನು ಅಳೆಯುವುದು ಸುಲಭವಾಗುತ್ತದೆ.

ಮೊದಲಿಗೆ ಈ ವ್ಯಾಪಾರದ ಗಾತ್ರ ಎಷ್ಟು ನೋಡಿ. ಬಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡಾನ್ 1998ರ ಎನ್‌ಬಿಎ ಫೈನಲ್ಸ್‌ನ ಮೊದಲ ಪಂದ್ಯದಲ್ಲಿ ತೊಟ್ಟಿದ್ದ ಜೆರ್ಸಿ 2022ರಲ್ಲಿ ಸುಮಾರು 1.01 ಕೋಟಿ ಡಾಲರ್‌ಗೆ ಹೋಯಿತು. ಬೇಸ್‌ಬಾಲ್ ದಂತಕಥೆ ಬೇಬ್ ರೂತ್ 1932ರ ವರ್ಲ್ಡ್ ಸೀರೀಸ್‌ನಲ್ಲಿ ತೊಟ್ಟಿದ್ದ ಜೆರ್ಸಿ 2024ರ ಆಗಸ್ಟ್‌ನಲ್ಲಿ 2.41 ಕೋಟಿ ಡಾಲರ್ ತಂದಿತು. ನಮ್ಮ ಲೆಕ್ಕದಲ್ಲಿ 200 ಕೋಟಿ ರೂಪಾಯಿಗೂ ಮೇಲೆ. ಇದೇ ಜೆರ್ಸಿ 2005ರಲ್ಲಿ ಮಾರಾಟವಾದಾಗ 9.4 ಲಕ್ಷ ಡಾಲರ್ ಆಗಿತ್ತು. ಒಂದು ಹಳೇ ಉಣ್ಣೆ ಅಂಗಿಗೆ ಇಷ್ಟು ದುಡ್ಡು ಇರುವ ಕಡೆ ನಕಲಿ ಮಾಡುವವರು ಹುಟ್ಟದೇ ಇರುತ್ತಾರೆಯೇ?

ಒಂದೇ ಜೆರ್ಸಿ, ಹತ್ತು ಹೆಸರು

ಅಭಿಮಾನಿಗೆ ಮೊದಲ ಏಟು ಬೀಳುವುದು ಪದಗಳಿಂದ. ‘ಗೇಮ್ ವೋರ್ನ್’ ಅಥವಾ ‘ಮ್ಯಾಚ್ ವೋರ್ನ್’ ಎಂದರೆ ಪಂದ್ಯದಲ್ಲಿ ಆಟಗಾರ ಮೈಮೇಲೆ ಹಾಕಿಕೊಂಡದ್ದು. ‘ಗೇಮ್ ಇಶ್ಯೂಡ್’, ‘ಟೀಮ್ ಇಶ್ಯೂಡ್’, ‘ಮ್ಯಾಚ್ ಪ್ರಿಪೇರ್ಡ್’ ಎಂದರೆ ಆ ಆಟಗಾರನಿಗೆಂದು ತಂಡ ತಯಾರು ಮಾಡಿಟ್ಟದ್ದು, ಆದರೆ ತೊಟ್ಟಿರಲಿಕ್ಕಿಲ್ಲ. ಡ್ರೆಸಿಂಗ್ ರೂಮಿನ ಮೊಳೆಗೆ ನೇತು ಹಾಕಿ, ಹಾಗೇ ಮಡಚಿಟ್ಟ ಅಂಗಿಯೂ ಇದರಲ್ಲಿ ಬರುತ್ತದೆ. ‘ಪ್ಲೇಯರ್ ವೋರ್ನ್’ ಇನ್ನೂ ಚಾಲಾಕಿ ಪದ. ಆಟಗಾರ ಫೋಟೋ ಶೂಟ್‌ನಲ್ಲಿ ಎರಡು ನಿಮಿಷ ತೊಟ್ಟು ಬಿಚ್ಚಿದ್ದರೂ ಅದು ಪ್ಲೇಯರ್ ವೋರ್ನ್. ಪದ ಸುಳ್ಳಲ್ಲ, ನೀವು ಅರ್ಥ ಮಾಡಿಕೊಂಡದ್ದು ಬೇರೆ, ಅಷ್ಟೇ.

ಇನ್ನು ‘ಆಥೆಂಟಿಕ್’. ಕನ್ನಡದಲ್ಲಿ ನಾವಿದನ್ನು ‘ಅಸಲಿ’ ಎಂದು ಓದುತ್ತೇವೆ. ಅಂಗಡಿಯ ಭಾಷೆಯಲ್ಲಿ ಇದಕ್ಕೆ ಆಟಗಾರರು ತೊಡುವಂಥದ್ದೇ ಬಟ್ಟೆ, ಅದೇ ಹೊಲಿಗೆಯಲ್ಲಿ ಸಾರ್ವಜನಿಕರಿಗೆಂದು ಮಾಡಿ ಮಾರುವ ಜೆರ್ಸಿ ಎಂದರ್ಥ. ಯಾರೂ ಅದನ್ನು ತೊಟ್ಟು ಆಡಿಲ್ಲ. ನಮ್ಮಲ್ಲಿ ಫುಟ್‌ಬಾಲ್ ಜೆರ್ಸಿ ಮಾರುವವರು ಹೇಳುವ ‘ಪ್ಲೇಯರ್ ವರ್ಷನ್’ ಕೂಡ ಅಷ್ಟೇ. ಮೈಗೆ ಅಂಟುವಂಥ ಕಟಿಂಗ್ ಎಂಬುದನ್ನು ಬಿಟ್ಟರೆ ಆಟಗಾರನಿಗೂ ಅದಕ್ಕೂ ಸಂಬಂಧವಿಲ್ಲ. ಬಹಳಷ್ಟು ಸಲ ಕಂಪನಿಗೂ ಸಂಬಂಧವಿರುವುದಿಲ್ಲ!

ಸಹಿಯದ್ದು ಇನ್ನೊಂದು ಗೊಂದಲ. ಜೆರ್ಸಿಯ ಮೇಲಿನ ಸಹಿ ಅಸಲಿ ಇದ್ದರೂ, ಆ ಜೆರ್ಸಿಯನ್ನು ಆತ ತೊಟ್ಟಿದ್ದ ಎಂದಾಗುವುದಿಲ್ಲ. ಅಂಗಡಿಯಲ್ಲಿ ಕೊಂಡ ಅಂಗಿಗೂ ಆಟಗಾರರು ಸಹಿ ಹಾಕಿಕೊಡುತ್ತಾರೆ. ಇವೆರಡೂ ಬೇರೆ ಬೇರೆ ಪ್ರಶ್ನೆ, ಎರಡಕ್ಕೂ ಬೇರೆ ಬೇರೆ ಪುರಾವೆ ಬೇಕು.

ಸರ್ಟಿಫಿಕೇಟ್ ಯಾರು ಕೊಟ್ಟರು?

‘ಸರ್ಟಿಫಿಕೇಟ್ ಆಫ್ ಆಥೆಂಟಿಸಿಟಿ’ ಎಂಬ ಕಾಗದಕ್ಕೆ ತನ್ನಷ್ಟಕ್ಕೆ ಯಾವ ಬೆಲೆಯೂ ಇಲ್ಲ. ಮದುವೆ ಕರೆಯೋಲೆ ಪ್ರಿಂಟ್ ಮಾಡುವ ಪ್ರೆಸ್ಸಿನಲ್ಲಿ ಬಂಗಾರದ ಅಂಚಿನೊಂದಿಗೆ ಇದನ್ನೂ ಮುದ್ರಿಸಬಹುದು. ಹೊಳೆಯುವ ಹೋಲೋಗ್ರಾಂ ಸ್ಟಿಕರ್ ರೋಲ್ ಲೆಕ್ಕದಲ್ಲಿ ಸಿಗುತ್ತದೆ. ಪ್ರಶ್ನೆ ಇರುವುದು ಕಾಗದ ಕೊಟ್ಟವರು ಯಾರು, ಅವರು ಆ ಅಂಗಿಯನ್ನು ಆಟಗಾರನ ಮೈಮೇಲಿಂದ ಇಳಿಯುವಾಗ ಕಂಡಿದ್ದರೇ ಎಂಬುದು.

ಅಮೆರಿಕದ ಬೇಸ್‌ಬಾಲ್ ಲೀಗ್ ಈ ಪಾಠವನ್ನು ಕಷ್ಟಪಟ್ಟು ಕಲಿಯಿತು. 1990ರ ದಶಕದಲ್ಲಿ ಕ್ರೀಡಾ ವಸ್ತುಗಳ ನಕಲಿ ಸಹಿ ದಂಧೆ ಎಷ್ಟು ಬೆಳೆದಿತ್ತೆಂದರೆ, ತನಿಖಾ ಸಂಸ್ಥೆ ಎಫ್‌ಬಿಐ ‘ಆಪರೇಷನ್ ಬುಲ್‌ಪೆನ್’ ಎಂಬ ಹೆಸರಿನಲ್ಲಿ ದೊಡ್ಡ ಕಾರ್ಯಾಚರಣೆ ನಡೆಸಬೇಕಾಯಿತು. ಅದರಲ್ಲಿ ಸಿಕ್ಕ ಮಾಲಿನಲ್ಲಿ ಮದರ್ ತೆರೇಸಾ ‘ಸಹಿ’ ಹಾಕಿದ ಬೇಸ್‌ಬಾಲ್ ಕೂಡ ಇತ್ತು. ಕೋಲ್ಕತ್ತದ ಮದರ್ ತೆರೇಸಾಗೂ ಬೇಸ್‌ಬಾಲಿಗೂ ಏನು ನಂಟು ಎಂದು ಕೊಳ್ಳುವವರು ಯೋಚಿಸಲಿಲ್ಲ, ಏಕೆಂದರೆ ಜೊತೆಗೆ ಸರ್ಟಿಫಿಕೇಟ್ ಇರುತ್ತಿತ್ತು.

ಆ ಮೇಲೆ, 2001ರಲ್ಲಿ, ಲೀಗ್ ತನ್ನದೇ ದೃಢೀಕರಣ ವ್ಯವಸ್ಥೆ ತಂದಿತು. ಪ್ರತಿ ಪಂದ್ಯಕ್ಕೂ ಒಬ್ಬ ದೃಢೀಕರಣಕಾರ ಮೈದಾನದಲ್ಲೇ ಇರುತ್ತಾರೆ. ಇವರಲ್ಲಿ ಹೆಚ್ಚಿನವರು ಸೇವೆಯಲ್ಲಿರುವ ಅಥವಾ ನಿವೃತ್ತ ಪೊಲೀಸ್ ಅಧಿಕಾರಿಗಳು. ತಮ್ಮ ಕಣ್ಣೆದುರು ಆಟದಿಂದ ಹೊರಬಂದ ಚೆಂಡು, ಬ್ಯಾಟ್, ಜೆರ್ಸಿಗೆ ಮಾತ್ರ ನಂಬರ್ ಇರುವ ಸ್ಟಿಕರ್ ಅಂಟಿಸುತ್ತಾರೆ. ಕಿತ್ತರೆ ಅದು ಹಾಳಾಗುತ್ತದೆ. ನಂಬರನ್ನು ಲೀಗಿನ ವೆಬ್‌ಸೈಟಿನಲ್ಲಿ ಹಾಕಿದರೆ ಯಾವ ದಿನ, ಯಾವ ಪಂದ್ಯ, ಯಾವ ವಸ್ತು ಎಂದು ಬರುತ್ತದೆ. ನಿಯಮ ಎಷ್ಟು ಬಿಗಿ ಎಂದರೆ, ಹೋಮ್ ರನ್ ಹೊಡೆದ ಚೆಂಡು ಪ್ರೇಕ್ಷಕರ ನಡುವೆ ಬಿದ್ದು ಎರಡೇ ನಿಮಿಷದಲ್ಲಿ ವಾಪಸ್ ಬಂದರೂ, ಅದಕ್ಕೆ ಮೊದಲೇ ಗುಟ್ಟಾಗಿ ಗುರುತು ಮಾಡಿರದಿದ್ದರೆ ಸ್ಟಿಕರ್ ಸಿಗುವುದಿಲ್ಲ. ಕಣ್ಣಿನಿಂದ ಮರೆಯಾಯಿತು, ಮುಗಿಯಿತು. ಆ ನಡುವೆ ಯಾರೋ ಜೇಬಿನಿಂದ ಬೇರೆ ಚೆಂಡು ತೆಗೆದಿರಬಹುದಲ್ಲ?

ನಮ್ಮ ಪೊಲೀಸರು ಪಂಚನಾಮೆ ಮಾಡಿ ಸಾಕ್ಷ್ಯವನ್ನು ಸೀಲ್ ಮಾಡುವುದು ಇದೇ ಕಾರಣಕ್ಕೆ. ವಸ್ತು ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ಸರಪಳಿ ಎಲ್ಲೂ ತುಂಡಾಗಬಾರದು. ಜೆರ್ಸಿ ಕೊಳ್ಳುವಾಗ ನೀವು ಕೇಳಬೇಕಾದ ಮೊದಲ ಪ್ರಶ್ನೆಯೂ ಅದೇ.

ಆದರೆ ಸರಪಳಿಯ ಮೊದಲ ಕೊಂಡಿಯ ಮೇಲೇ ಅನುಮಾನ ಬಂದರೆ? ಅಮೆರಿಕನ್ ಫುಟ್‌ಬಾಲ್ ಆಟಗಾರ ಈಲೈ ಮ್ಯಾನಿಂಗ್, ಆತನ ತಂಡ ನ್ಯೂಯಾರ್ಕ್ ಜೈಂಟ್ಸ್ ಮತ್ತು ವಸ್ತು ಮಾರಿದ ಸಂಸ್ಥೆಯ ಮೇಲೆ ಕೆಲವು ಸಂಗ್ರಾಹಕರು 2014ರಲ್ಲಿ ಮೊಕದ್ದಮೆ ಹೂಡಿದ್ದು ಈ ಆರೋಪದ ಮೇಲೇ: ಪಂದ್ಯದಲ್ಲಿ ಬಳಸಿದ್ದೆಂದು ಮಾರಿದ ಹೆಲ್ಮೆಟ್‌ಗಳು ಬಳಸಿದವಲ್ಲ. ಪಂದ್ಯದಲ್ಲಿ ಬಳಸಿದಂತೆ ಕಾಣಬಲ್ಲ ಎರಡು ಹೆಲ್ಮೆಟ್ ಕೇಳಿ ಮ್ಯಾನಿಂಗ್ 2010ರಲ್ಲಿ ಕಳಿಸಿದ್ದ ಇಮೇಲ್ ಕೋರ್ಟಿನ ಮುಂದೆ ಬಂತು. ತಾನು ಕೇಳಿದ್ದು ನಿಜವಾಗಿ ಬಳಸಿದ ಹೆಲ್ಮೆಟ್‌ಗಳನ್ನೇ, ಮಾತನ್ನು ತಪ್ಪಾಗಿ ಅರ್ಥೈಸಲಾಗಿದೆ ಎಂದು ಆತ ಆರೋಪ ತಳ್ಳಿಹಾಕಿದರು. 2018ರ ಮೇನಲ್ಲಿ ವಿಚಾರಣೆ ಶುರುವಾಗುವ ಮೊದಲೇ ರಾಜಿಯಾಯಿತು, ಯಾರೂ ತಪ್ಪಿತಸ್ಥರೆಂದು ತೀರ್ಮಾನವಾಗಲಿಲ್ಲ. ಇಷ್ಟಾದರೂ ಆ ಮೊಕದ್ದಮೆ ಸಂಗ್ರಾಹಕರ ನಂಬಿಕೆಯನ್ನು ಅಲುಗಾಡಿಸಿತು. ತಂಡದಿಂದಲೇ ಬಂದದ್ದು ಎಂಬ ಮಾತು ಕೂಡ ಪ್ರಶ್ನೆಗೆ ಅತೀತವಲ್ಲ ಎಂದಾಯಿತು.

ಮರಡೋನಾ ಅಂಗಿಯ ಕಥೆ

ಇಂಥ ಜಗಳ ಬಗೆಹರಿಯುವುದು ಹೇಗೆ ಎಂಬುದಕ್ಕೆ ಅತ್ಯುತ್ತಮ ಉದಾಹರಣೆ ಮರಡೋನಾನ ನೀಲಿ ಅಂಗಿ.

1986ರ ಜೂನ್ 22, ಮೆಕ್ಸಿಕೊ ನಗರದ ಅಜ್ಟೆಕಾ ಸ್ಟೇಡಿಯಂ, ವಿಶ್ವಕಪ್ ಕ್ವಾರ್ಟರ್ ಫೈನಲ್. ಇಂಗ್ಲೆಂಡ್ ವಿರುದ್ಧ ಅರ್ಜೆಂಟೀನಾದ ಡಿಯಾಗೊ ಮರಡೋನಾ ದ್ವಿತೀಯಾರ್ಧದಲ್ಲಿ ನಾಲ್ಕೇ ನಿಮಿಷಗಳ ಅಂತರದಲ್ಲಿ ಎರಡು ಗೋಲು ಹೊಡೆದ. ಮೊದಲನೆಯದು ಕೈಯಿಂದ ತಳ್ಳಿದ್ದು, ‘ದೇವರ ಕೈ’ ಎಂದು ಹೆಸರಾದದ್ದು. ಎರಡನೆಯದು ಅರ್ಧ ಮೈದಾನ ಓಡಿ, ಎದುರಾದವರನ್ನೆಲ್ಲ ದಾಟಿ ಹೊಡೆದದ್ದು. ಪಂದ್ಯ ಮುಗಿದ ಮೇಲೆ ಇಂಗ್ಲೆಂಡಿನ ಸ್ಟೀವ್ ಹಾಡ್ಜ್ ಒಳಹೋಗುವ ದಾರಿಯಲ್ಲಿ ಮರಡೋನಾ ಜೊತೆ ಅಂಗಿ ಬದಲಿಸಿಕೊಂಡರು. (ಮೊದಲ ಗೋಲಿಗೆ ಕಾರಣವಾದ, ಹಿಂದಕ್ಕೆ ಮೇಲೆದ್ದ ಚೆಂಡನ್ನು ಒದ್ದದ್ದೂ ಇದೇ ಹಾಡ್ಜ್!) ಆ ಅಂಗಿ ಸುಮಾರು 20 ವರ್ಷ ಇಂಗ್ಲೆಂಡಿನ ರಾಷ್ಟ್ರೀಯ ಫುಟ್‌ಬಾಲ್ ಮ್ಯೂಸಿಯಂನಲ್ಲಿತ್ತು. 2022ರಲ್ಲಿ ಸೋದಬೀಸ್ ಸಂಸ್ಥೆ ಅದನ್ನು ಹರಾಜಿಗಿಟ್ಟಿತು.

ಆಗ ಮರಡೋನಾ ಮಗಳು ತಕರಾರು ತೆಗೆದರು. ಹಾಡ್ಜ್ ಬಳಿ ಇರುವುದು ಪ್ರಥಮಾರ್ಧದ ಅಂಗಿ, ಗೋಲು ಹೊಡೆದಾಗ ತಂದೆ ತೊಟ್ಟಿದ್ದು ಬೇರೆ ಎಂಬುದು ಅವರ ವಾದ. ಇದು ಸುಮ್ಮನೆ ತಳ್ಳಿಹಾಕುವ ಮಾತಾಗಿರಲಿಲ್ಲ. ಫುಟ್‌ಬಾಲಿನಲ್ಲಿ ಒಂದೊಂದು ಅರ್ಧಕ್ಕೆ ಒಂದೊಂದು ಅಂಗಿ ಇಟ್ಟುಕೊಳ್ಳುವುದು ಸಾಮಾನ್ಯ. ಮಾರುವವರು ಸುಳ್ಳುಗಾರರೆಂದೂ ಯಾರೂ ಹೇಳಲಿಲ್ಲ. ಹಾಡ್ಜ್ ಪ್ರಾಮಾಣಿಕರೇ ಆಗಿದ್ದು, ಅಂಗಿ ಮರಡೋನಾನದೇ ಆಗಿದ್ದು, ಆದರೂ ಅದು ‘ಆ’ ಅಂಗಿ ಆಗಿರದಿರಬಹುದಿತ್ತು. ಕೋಟಿಗಟ್ಟಲೆ ಹಣದ ಪ್ರಶ್ನೆ ಆ ವಿರಾಮದಲ್ಲಿ ಏನಾಯಿತು ಎಂಬುದರ ಮೇಲೆ ನಿಂತಿತ್ತು.

ಉತ್ತರ ಸಿಕ್ಕಿದ್ದು ಬಟ್ಟೆಯಿಂದಲೇ. ಅದಕ್ಕೆ ಒಂದು ವಿಚಿತ್ರ ಕಾರಣವಿದೆ. ಅರ್ಜೆಂಟೀನಾದ ನೀಲಿ ಅಂಗಿಗಳು ಮೆಕ್ಸಿಕೊದ ಸೆಖೆಗೆ ತೀರಾ ದಪ್ಪವಾಗಿದ್ದವು. ಕೋಚ್ ಕಾರ್ಲೋಸ್ ಬಿಲಾರ್ಡೊ ಹಗುರವಾದದ್ದು ಬೇಕೆಂದು ಹಟ ಹಿಡಿದರು. ತಂಡದವರು ಮೆಕ್ಸಿಕೊ ನಗರದ ಅಂಗಡಿಗಳನ್ನು ಸುತ್ತಿ ತೆಳ್ಳನೆಯ ನೀಲಿ ಅಂಗಿ ಕೊಂಡು ತಂದರು. ಪಂದ್ಯಕ್ಕೆ ಮುಂಚೆ ಗಡಿಬಿಡಿಯಲ್ಲಿ ಲಾಂಛನ ಹೊಲಿದು, ಅಮೆರಿಕನ್ ಫುಟ್‌ಬಾಲಿಗೆ ಬಳಸುವಂಥ ಬೆಳ್ಳಿ ಬಣ್ಣದ ನಂಬರುಗಳನ್ನು ಇಸ್ತ್ರಿಪೆಟ್ಟಿಗೆಯಿಂದ ಅಂಟಿಸಿದರು. ಅವಸರದ ಕೈಗೆಲಸವಾದ್ದರಿಂದ ಒಂದು ಅಂಗಿಯಂತೆ ಇನ್ನೊಂದಿಲ್ಲ. ಲಾಂಛನ ಒಂದರಲ್ಲಿ ಕೂದಲೆಳೆ ಮೇಲೆ, ಇನ್ನೊಂದರಲ್ಲಿ ಕೆಳಗೆ. ಪಟ್ಟೆಗಳ ಮೇಲೆ ನಂಬರಿನ ಅಂಚು ಬೀಳುವ ಜಾಗವೂ ಬೇರೆ. ಪರಿಣತರು ಈ ವಿವರಗಳನ್ನು ಎರಡೂ ಗೋಲಿನ ಹೊತ್ತಿನ ಫೋಟೋಗಳ ಜೊತೆ ಇಟ್ಟು ನೋಡಿದರು. ಹಾಡ್ಜ್ ಬಳಿಯಿದ್ದ ಅಂಗಿಯೇ ಎರಡಕ್ಕೂ ತಾಳೆಯಾಯಿತು. ಮೇ ತಿಂಗಳಲ್ಲಿ ಅದು 71 ಲಕ್ಷ ಪೌಂಡ್‌ಗೆ, ಅಂದರೆ 70 ಕೋಟಿ ರೂಪಾಯಿಯ ಹತ್ತಿರಕ್ಕೆ ಹೋಯಿತು.

ಫೋಟೋ ತಾಳೆ: ಚೌಕಳಿ ಅಂಗಿಯ ಜೇಬಿನ ಲೆಕ್ಕ

ಈ ವಿಧಾನಕ್ಕೆ ‘ಫೋಟೋ ಮ್ಯಾಚಿಂಗ್’ ಎನ್ನುತ್ತಾರೆ. ತತ್ವ ಬಹಳ ಸರಳ. ಒಂದೇ ಥಾನಿನ ಚೌಕಳಿ ಬಟ್ಟೆಯಿಂದ ದರ್ಜಿ ಹತ್ತು ಅಂಗಿ ಹೊಲಿಯಲಿ. ಜೇಬಿನ ಮೂಲೆ ಯಾವ ಗೆರೆಯ ಮೇಲೆ ಕೂರುತ್ತದೆ ಎಂಬುದು ಹತ್ತರಲ್ಲೂ ಒಂದೇ ಇರುವುದಿಲ್ಲ. ಕ್ರೀಡಾ ಜೆರ್ಸಿಯ ಬಟ್ಟೆಯಲ್ಲಿ ಗಾಳಿಯಾಡಲು ಸಣ್ಣ ತೂತುಗಳಿರುತ್ತವೆ. ಅದರ ಮೇಲೆ ನಂಬರ್ ಹೊಲಿದಾಗ ‘7’ರ ತುದಿ ತೂತಿನ ಮೇಲೆ ಬಿತ್ತೋ, ಎರಡು ತೂತುಗಳ ನಡುವೆ ಬಿತ್ತೋ ಎಂಬುದು ಪ್ರತಿ ಜೆರ್ಸಿಗೂ ಬೇರೆ. ಇದರ ಜೊತೆಗೆ ಎದ್ದ ನೂಲು, ಹರಿದು ಹೊಲಿದ ಗುರುತು, ಹೋಗದ ಕಲೆ. ಇಂಥ ನಾಲ್ಕಾರು ಗುರುತು ಒಟ್ಟಿಗೆ, ಸ್ಪಷ್ಟವಾದ ಫೋಟೋದಲ್ಲಿ ಕಂಡರೆ ಅದು ಬೆರಳಚ್ಚಿಗೆ ಸಮ.

ಇಲ್ಲೂ ಒಂದು ಪದದಾಟ ಇದೆ, ಹುಷಾರು. ‘ಸ್ಟೈಲ್ ಮ್ಯಾಚ್’ ಎಂದು ಬರೆದಿದ್ದರೆ, ಆ ವರ್ಷದ ಆ ತಂಡದ ಜೆರ್ಸಿಯ ವಿನ್ಯಾಸಕ್ಕೆ ಇದು ಹೊಂದುತ್ತದೆ ಎಂದಷ್ಟೇ ಅರ್ಥ. ಅಂಗಡಿಯಲ್ಲಿ ಕೊಂಡದ್ದೂ ಹೊಂದುತ್ತದೆ.

ಫೋಟೋ ತಾಳೆಗೂ ಮಿತಿ ಇದೆ. ಈಗಿನ ಬಹುಪಾಲು ಜೆರ್ಸಿಗಳಲ್ಲಿ ನಂಬರು, ಹೆಸರು, ಪ್ರಾಯೋಜಕರ ಗುರುತು ಎಲ್ಲವನ್ನೂ ಬಟ್ಟೆಗೇ ಬಣ್ಣವಾಗಿ ಇಳಿಸುತ್ತಾರೆ ಅಥವಾ ಯಂತ್ರದಲ್ಲಿ ಒತ್ತುತ್ತಾರೆ. ಹೊಲಿಗೆಯ ವ್ಯತ್ಯಾಸ ಕಡಿಮೆಯಾದಷ್ಟೂ ಗುರುತು ಹಿಡಿಯುವುದು ಕಷ್ಟ. ಜೊತೆಗೆ ಒಳ್ಳೆಯ ಫೋಟೋ ಬೇಕು, ಮತ್ತು ಅವು ಸಿಗುವುದು ದೊಡ್ಡ ಆಟಗಾರರವು ಮಾತ್ರ. ಸಂಗ್ರಾಹಕರ ದೊಡ್ಡ ಕೊರಗು ಇದೇ. ತಾರೆಯ ಜೆರ್ಸಿಗೆ ಸಾವಿರ ಫೋಟೋ, ಆದರೆ ಜೆರ್ಸಿ ಕೊಳ್ಳಲು ದುಡ್ಡಿಲ್ಲ. ತನ್ನೂರಿನ ತಂಡದಲ್ಲಿ ನಾಲ್ಕು ಪಂದ್ಯ ಆಡಿದ ಅಚ್ಚುಮೆಚ್ಚಿನ ಹುಡುಗನ ಜೆರ್ಸಿ ಕೈಗೆಟಕುತ್ತದೆ, ಆದರೆ ತಾಳೆ ನೋಡಲು ಒಂದು ಫೋಟೋ ಇಲ್ಲ.

ಬೇಬ್ ರೂತ್ ಜೆರ್ಸಿಯ ಬೆಲೆ ಏರಿದ್ದರಲ್ಲಿ ಫೋಟೋ ತಾಳೆಗೂ ಪಾಲಿದೆ. 1932ರ ಅಕ್ಟೋಬರ್ 1ರಂದು ಷಿಕಾಗೋದಲ್ಲಿ ನಡೆದ ಪಂದ್ಯದ ಚಿತ್ರಗಳಿಗೆ ಅದು ತಾಳೆಯಾಯಿತು. ಅಂದು ರೂತ್ ಬೆರಳು ತೋರಿಸಿ, ಹೇಳಿದ ಕಡೆಗೇ ಹೋಮ್ ರನ್ ಹೊಡೆದ ಎಂಬ ಕಥೆಯಿದೆ. ಆತ ನಿಜವಾಗಿ ಅತ್ತ ಬೆರಳು ತೋರಿಸಿದ್ದನೇ ಎಂಬುದು ಇವತ್ತಿಗೂ ಚರ್ಚೆಯ ವಿಷಯ. ಅಂಗಿ ಅಸಲಿ ಎಂದು ಸಾಬೀತಾಯಿತು, ಕಥೆ ಆಗಲಿಲ್ಲ!

ಬೆವರು, ಕೊಳೆ, ನೀಲಿ ಬೆಳಕು

“ಬೆವರಿನ ವಾಸನೆ ಇದೆ, ಹುಲ್ಲಿನ ಕಲೆ ಇದೆ, ಹಾಗಾಗಿ ಅಸಲಿ” ಎಂಬುದು ಬಹಳ ಜನ ನಂಬುವ ಮಾತು. ಕಲೆ ಮಾಡುವುದು ಜಗತ್ತಿನ ಅತಿ ಸುಲಭದ ಕೆಲಸ. ಮರಳು ಕಾಗದದಿಂದ ಉಜ್ಜಿ, ನಾಲ್ಕು ಸಲ ವಾಷಿಂಗ್ ಮೆಷಿನ್‌ಗೆ ಹಾಕಿ, ಹುಲ್ಲಿನ ಮೇಲೆ ಎಳೆದರೆ ಹೊಸ ಅಂಗಿಯೂ ಹತ್ತು ಪಂದ್ಯ ಆಡಿದಂತೆ ಕಾಣುತ್ತದೆ.

ವಾಸನೆಯಂತೂ ಏನನ್ನೂ ಹೇಳುವುದಿಲ್ಲ. ಬೆಲ್ಜಿಯಂನ ಘೆಂಟ್ ವಿಶ್ವವಿದ್ಯಾಲಯದ ಸಂಶೋಧಕರು 2014ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ 26 ಜನರಿಗೆ ಸೈಕಲ್ ವ್ಯಾಯಾಮ ಮಾಡಿಸಿ, ಅವರ ಅಂಗಿಗಳನ್ನು ಪರೀಕ್ಷಿಸಿದರು. ಹತ್ತಿಯ ಅಂಗಿಗಿಂತ ಪಾಲಿಯೆಸ್ಟರ್ ಅಂಗಿಯೇ ಹೆಚ್ಚು ನಾರುತ್ತಿತ್ತು. ಮೈಕ್ರೋಕಾಕಸ್ ಎಂಬ ಬ್ಯಾಕ್ಟೀರಿಯಾ ಪಾಲಿಯೆಸ್ಟರ್ ಮೇಲೆ ಚೆನ್ನಾಗಿ ಬೆಳೆಯುವುದು ಇದಕ್ಕೆ ಕಾರಣವೆಂದು ಕಂಡುಬಂತು. ಅಂದರೆ ಪಾಲಿಯೆಸ್ಟರ್ ಜೆರ್ಸಿ ತೊಟ್ಟು ಯಾರು ಬೆವರಿದರೂ ನಾರುತ್ತದೆ. ಕೊಹ್ಲಿಯೇ ಬೆವರಬೇಕೆಂದಿಲ್ಲ.

“ಡಿಎನ್‌ಎ ಟೆಸ್ಟ್ ಮಾಡಿಸಬಹುದಲ್ಲ?” ಎಂದು ಕೇಳುವವರಿದ್ದಾರೆ. ಬಟ್ಟೆಯ ಮೇಲೆ ಉಳಿದ ಚರ್ಮದ ಕೋಶಗಳಿಂದ ಡಿಎನ್‌ಎ ಸಿಗುವುದು ಸಾಧ್ಯ. ಆದರೆ ಪಂದ್ಯ ಮುಗಿದೊಡನೆ ಜೆರ್ಸಿಗಳು ಸಾಮಾನ್ಯವಾಗಿ ತಂಡದ ಲಾಂಡ್ರಿಗೆ ಹೋಗುತ್ತವೆ, ಒಗೆದ ಮೇಲೆ ಹತ್ತಾರು ಜನ ಮುಟ್ಟುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ಹೋಲಿಸಿ ನೋಡಲು ಆ ಆಟಗಾರನ ಡಿಎನ್‌ಎ ನಿಮ್ಮ ಬಳಿ ಇರಬೇಕು. ಅದನ್ನು ಯಾರು ಕೊಡುತ್ತಾರೆ? ಅಮೆರಿಕದ ಸೂಪರ್ ಬೌಲ್ ಪಂದ್ಯದ ಚೆಂಡುಗಳಿಗೆ ‘ಡಿಎನ್‌ಎ’ ಗುರುತು ಹಾಕುತ್ತಾರೆಂಬ ಸುದ್ದಿ ನಿಜ. ಆದರೆ ಅದು ಆಟಗಾರನ ಡಿಎನ್‌ಎ ಅಲ್ಲ, ಕೃತಕವಾಗಿ ತಯಾರಿಸಿದ ಗುಪ್ತ ಗುರುತು.

ಹಳೆಯ ಜೆರ್ಸಿಗಳಿಗೆ ಯುವಿ ಬೆಳಕಿನ ಪರೀಕ್ಷೆ ಸ್ವಲ್ಪ ಮಟ್ಟಿಗೆ ಉಪಯೋಗಕ್ಕೆ ಬರುತ್ತದೆ. ಬಿಳಿ ಬಟ್ಟೆ ಇನ್ನೂ ಬೆಳ್ಳಗೆ ಕಾಣಲೆಂದು ನೂಲಿಗೆ, ಸೋಪಿನ ಪುಡಿಗೆ ಸೇರಿಸುವ ರಾಸಾಯನಿಕಗಳು ಯುವಿ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತವೆ. ಇವು ವ್ಯಾಪಕವಾಗಿ ಬಳಕೆಗೆ ಬಂದದ್ದು ಎರಡನೇ ಮಹಾಯುದ್ಧದ ನಂತರ. 1920ರ ದಶಕದ್ದೆನ್ನುವ ಜೆರ್ಸಿಯ ಹೊಲಿಗೆ ನೂಲು ಟ್ಯೂಬ್‌ಲೈಟಿನಂತೆ ಮಿಂಚಿದರೆ ಅನುಮಾನ ಪಡಬೇಕು. ಹಾಗೆಂದು ತೀರ್ಪು ಕೊಡುವಂತಿಲ್ಲ. ಅಸಲಿ ಅಂಗಿಯನ್ನು ಮೊಮ್ಮಗಳೊಬ್ಬಳು ಯಾವತ್ತೋ ಈಗಿನ ಪುಡಿಯಲ್ಲಿ ಒಗೆದಿದ್ದರೂ ಅದು ಹೊಳೆಯುತ್ತದೆ. ಇತ್ತೀಚಿನ ಜೆರ್ಸಿಗೆ ಈ ಪರೀಕ್ಷೆಯಿಂದ ಪ್ರಯೋಜನವೇ ಇಲ್ಲ, ಅಸಲಿ ನಕಲಿ ಎರಡೂ ಹೊಳೆಯುತ್ತವೆ.

ಕತ್ತರಿಸಿ ಮಾರಿದರು

ಸಂಗ್ರಾಹಕರು ಅತಿ ಹೆಚ್ಚು ಸಿಟ್ಟಾಗುವ ವಿಷಯಕ್ಕೆ ಬರೋಣ. 1990ರ ದಶಕದ ಕೊನೆಯಲ್ಲಿ ಕ್ರೀಡಾ ಕಾರ್ಡ್ ಕಂಪನಿಗಳಿಗೆ ಒಂದು ಉಪಾಯ ಹೊಳೆಯಿತು. ಅಸಲಿ ಜೆರ್ಸಿಯನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಕಾರ್ಡಿನೊಳಗೆ ಒಂದೊಂದು ಚೂರು ಅಂಟಿಸಿ ಮಾರುವುದು. ವ್ಯಾಪಾರ ಭರ್ಜರಿಯಾಯಿತು. ಡಾನ್‌ರಸ್ ಎಂಬ ಕಂಪನಿ 2003ರಲ್ಲಿ ಬೇಬ್ ರೂತ್‌ನ ಜೆರ್ಸಿಯೊಂದನ್ನು 2.64 ಲಕ್ಷ ಡಾಲರ್‌ಗೆ ಕೊಂಡು, ಸುಮಾರು 2,100 ಚೂರು ಮಾಡಿತು. ಮ್ಯೂಸಿಯಂನಲ್ಲಿರಬೇಕಾದ್ದು ಕತ್ತರಿಗೆ ಸಿಕ್ಕಿತು ಎಂದು ಅಭಿಮಾನಿಗಳು ಹೊಟ್ಟೆ ಉರಿದುಕೊಂಡರು. ನನಗೂ ಅದು ಶುದ್ಧ ಅವಿವೇಕ ಅನಿಸುತ್ತದೆ. ರೂತ್‌ನ ಇನ್ನೊಂದು ಜೆರ್ಸಿ ಇಡಿಯಾಗಿ ಉಳಿದದ್ದಕ್ಕೇ ಅದನ್ನು ಫೋಟೋ ಜೊತೆ ತಾಳೆ ನೋಡಲು ಆಯಿತು ಎಂಬುದನ್ನು ನೆನಪಿಸಿಕೊಳ್ಳಿ. ಹೆಬ್ಬೆರಳುಗುರಿನಷ್ಟು ಬಟ್ಟೆಯ ಚೂರನ್ನು ಯಾವ ಫೋಟೋ ಜೊತೆ ತಾಳೆ ಮಾಡುವುದು?

ಮೋಸಗಾರರು ಹಿಡಿದದ್ದು ಇದೇ ಸಂದು. ಅಂಗಡಿಯಲ್ಲಿ ಸಿಗುವ ಜೆರ್ಸಿ ಕೊಂಡು, ಆಟಗಾರ ತೊಟ್ಟದ್ದೆಂಬಂತೆ ಬದಲಾಯಿಸಿ, ವ್ಯಾಪಾರಿಗಳಿಗೂ ಕಾರ್ಡ್ ಕಂಪನಿಗಳಿಗೂ ಮಾರಿದ ಜಾಲದ ಮೇಲೆ 2011ರಲ್ಲಿ ಇಲಿನಾಯ್ ರಾಜ್ಯದ ಫೆಡರಲ್ ನ್ಯಾಯಾಲಯದಲ್ಲಿ ಮೊಕದ್ದಮೆ ಬಿತ್ತು. ಹಲವರು ತಪ್ಪೊಪ್ಪಿಕೊಂಡರು. ಒಬ್ಬರ ಮೇಲಿನ ಆರೋಪವನ್ನು ಮುಂದೆ ಸರ್ಕಾರವೇ ಕೈಬಿಟ್ಟಿತು. ಕತ್ತರಿಸಿ ಕಾರ್ಡಿನಲ್ಲಿ ಹುದುಗಿಸಿದ ಮೇಲೆ ಸಾಕ್ಷ್ಯ ಎಲ್ಲಿರುತ್ತದೆ? ಈಚೆಗೆ ಇಂಥ ಎಷ್ಟೋ ಕಾರ್ಡುಗಳ ಹಿಂಬದಿಯಲ್ಲಿ, ಒಳಗಿರುವ ಬಟ್ಟೆ ಯಾವುದೇ ನಿರ್ದಿಷ್ಟ ಪಂದ್ಯಕ್ಕೆ, ಕೆಲವುದರಲ್ಲಿ ಯಾವುದೇ ನಿರ್ದಿಷ್ಟ ಆಟಗಾರನಿಗೂ, ಸಂಬಂಧಿಸಿದ್ದಲ್ಲ ಎಂದು ಕಂಪನಿಯೇ ಸಣ್ಣ ಅಕ್ಷರದಲ್ಲಿ ಬರೆದುಬಿಡುತ್ತದೆ. ಮುಂದೆ ಆಟಗಾರನ ಚಿತ್ರ, ಹಿಂದೆ ಈ ಮಾತು!

ಹಳೆಯ ಐಸ್ ಹಾಕಿ ಮತ್ತು ಬೇಸ್‌ಬಾಲ್ ಜೆರ್ಸಿಗಳ ಕಷ್ಟ ಬೇರೆ ತರಹದ್ದು. ಅಂದಿನ ತಂಡಗಳಿಗೆ ಅದು ಕೆಲಸದ ಬಟ್ಟೆ, ಅಷ್ಟೇ. ಸೀಸನ್ ಮುಗಿದ ಮೇಲೆ ಅಣ್ಣನ ಅಂಗಿ ತಮ್ಮನಿಗೆ ಎಂಬಂತೆ ಕೆಳಹಂತದ ತಂಡಗಳಿಗೆ ದಾಟಿಸುತ್ತಿದ್ದರು. ಹೆಸರು ಬಿಚ್ಚಿ ಬೇರೆ ಹೆಸರು ಹೊಲಿಯುತ್ತಿದ್ದರು. ಹೀಗಾಗಿ ಒಂದೇ ಜೆರ್ಸಿ ಮೂರು ಜನರ ಬೆನ್ನ ಮೇಲಿದ್ದಿರಬಹುದು. ಮುಂದೆ ಯಾರೋ ಮೊದಲ ಹೆಸರನ್ನು ಮತ್ತೆ ಹೊಲಿಸಿ ‘ರಿಸ್ಟೋರ್’ ಮಾಡಿ ಮಾರುತ್ತಾರೆ. ಹಾಗೆಂದು ಹೇಳಿ ಮಾರಿದರೆ ತಪ್ಪಿಲ್ಲ, ಮುಚ್ಚಿಟ್ಟರೆ ಮೋಸ.

ನಮ್ಮ ಕ್ರಿಕೆಟ್ ಜೆರ್ಸಿಗಳು

ಟೆಸ್ಟ್ ಕ್ರಿಕೆಟಿನಲ್ಲಿ ಬೆನ್ನ ಮೇಲೆ ಹೆಸರು, ನಂಬರು ಬಂದದ್ದು 2019ರ ಆ್ಯಷಸ್ ಸರಣಿಯಿಂದ. ಅದಕ್ಕೂ ಹಿಂದಿನ ಟೆಸ್ಟ್ ಅಂಗಿಗಳು ಬರೀ ಬಿಳಿ. ಯಾರದ್ದೆಂದು ಬಟ್ಟೆ ನೋಡಿ ಹೇಳುವುದು ಸುಲಭವಲ್ಲ, ಐದು ದಿನಕ್ಕೆ ಎಷ್ಟು ಅಂಗಿ ಬದಲಾದವೋ. ಹಾಗಾಗಿ ಟೆಸ್ಟ್ ಟೋಪಿಗೇ ಹೆಚ್ಚು ಮರ್ಯಾದೆ. ಶೇನ್ ವಾರ್ನ್ ಅವರ ಹಸಿರು ಟೋಪಿ 2020ರ ಜನವರಿಯಲ್ಲಿ ಕಾಳ್ಗಿಚ್ಚು ಸಂತ್ರಸ್ತರ ನೆರವಿಗಾಗಿ ಹರಾಜಾದಾಗ 10 ಲಕ್ಷ ಆಸ್ಟ್ರೇಲಿಯನ್ ಡಾಲರ್ ದಾಟಿತು.

ನಮ್ಮ ದೇಶದಲ್ಲಿ ನಂಬಬಹುದಾದ ದಾರಿ ಸದ್ಯಕ್ಕೆ ಆಟಗಾರರೇ ಮುಂದೆ ನಿಂತು ಮಾಡುವ ಸಹಾಯಾರ್ಥ ಹರಾಜು. ನಮ್ಮ ಕೆ.ಎಲ್. ರಾಹುಲ್ ಮತ್ತು ಪತ್ನಿ ಆಥಿಯಾ ಶೆಟ್ಟಿ 2024ರ ಆಗಸ್ಟ್‌ನಲ್ಲಿ ವಿಶೇಷ ಚೇತನ ಮಕ್ಕಳಿಗಾಗಿ ನಡೆಸಿದ ಹರಾಜಿನಲ್ಲಿ ಒಟ್ಟು 1.93 ಕೋಟಿ ರೂಪಾಯಿ ಸಂಗ್ರಹವಾಯಿತು. ಅಲ್ಲಿ ವಿರಾಟ್ ಕೊಹ್ಲಿ ಜೆರ್ಸಿ ಹೋದ ಬೆಲೆ 40 ಲಕ್ಷ ರೂಪಾಯಿ. ಈಗ 4,999ರ ಮೆಸೇಜನ್ನು ಇನ್ನೊಮ್ಮೆ ಓದಿ.

ಮನೆಯಲ್ಲೇ ಕೂತು ಮಾಡಬಹುದಾದ ಪರೀಕ್ಷೆಯೂ ಇದೆ. ಆರ್‌ಸಿಬಿ ತನ್ನ ಹೆಸರಿನಲ್ಲಿ ‘ಬ್ಯಾಂಗಲೋರ್’ ಬಿಟ್ಟು ‘ಬೆಂಗಳೂರು’ ಮಾಡಿಕೊಂಡದ್ದು 2024ರ ಮಾರ್ಚ್‌ನಲ್ಲಿ. ಚಿನ್ನಸ್ವಾಮಿಯಲ್ಲಿ 8 ರನ್‌ಗಳಿಂದ ಸೋತ 2016ರ ಫೈನಲ್ ಜೆರ್ಸಿ ಎಂದು ಯಾರಾದರೂ ತೋರಿಸಿ, ಲಾಂಛನದಲ್ಲಿ ‘ಬೆಂಗಳೂರು’ ಎಂದಿದ್ದರೆ ಮಾತು ಅಲ್ಲಿಗೇ ನಿಲ್ಲಿಸಿ. ಪ್ರಾಯೋಜಕರ ಗುರುತುಗಳೂ ಹೀಗೇ ಬದಲಾಗುತ್ತಿರುತ್ತವೆ, ಆ ಸೀಸನ್ನಿನ ಪಂದ್ಯದ ಫೋಟೋ ಪಕ್ಕದಲ್ಲಿಟ್ಟು ನೋಡಿ. ಹಸಿರು ಜೆರ್ಸಿಯಾದರೆ, ಆರ್‌ಸಿಬಿ ಅದನ್ನು ಸೀಸನ್ನಿಗೆ ಒಂದೇ ಪಂದ್ಯದಲ್ಲಿ ತೊಡುವುದು ವಾಡಿಕೆ. ಹಾಗಾಗಿ ಎದುರಾಳಿ ಯಾರು, ದಿನಾಂಕ ಯಾವುದು ಎಂದು ಮಾರುವವರನ್ನು ಕೇಳಿ. ಗೊತ್ತಿಲ್ಲದಿದ್ದರೆ ಅದೇ ಉತ್ತರ. ಈ ಪರೀಕ್ಷೆಗಳು ನಕಲಿಯನ್ನು ಹಿಡಿಯುತ್ತವೆಯೇ ಹೊರತು ಅಸಲಿ ಎಂದು ಸಾಬೀತು ಮಾಡುವುದಿಲ್ಲ, ಅದು ನೆನಪಿರಲಿ.

ಇನ್ನೊಂದು ವಿಷಯ. ಜೆರ್ಸಿ ಅಸಲಿಯೇ ಆಗಿದ್ದೂ ಕದ್ದ ಮಾಲಾಗಿರಬಹುದು. 2017ರ ಸೂಪರ್ ಬೌಲ್ ಮುಗಿದ ಕೂಡಲೇ ಟಾಮ್ ಬ್ರೇಡಿಯ ಜೆರ್ಸಿ ಡ್ರೆಸಿಂಗ್ ರೂಮಿನಿಂದಲೇ ಕಾಣೆಯಾಯಿತು. ಮರುತಿಂಗಳು ಅದು ಸಿಕ್ಕಿದ್ದು ಮೆಕ್ಸಿಕೊದ ಮಾಧ್ಯಮ ಸಂಸ್ಥೆಯೊಂದರಲ್ಲಿದ್ದ ವ್ಯಕ್ತಿಯ ಬಳಿ. 2015ರ ಸೂಪರ್ ಬೌಲ್‌ನಲ್ಲಿ ಬ್ರೇಡಿ ತೊಟ್ಟಿದ್ದ ಜೆರ್ಸಿಯೂ ಅಲ್ಲೇ ಸಿಕ್ಕಿತು.

ನಿಜವಾದ ಜೆರ್ಸಿಯೇ ನಿಮ್ಮ ಕೈಗೆ ಬಂದಿದ್ದರೆ ಒಗೆಯಬೇಡಿ. ಆ ಕಲೆಯೇ ನಾಳೆ ಫೋಟೋ ಜೊತೆ ತಾಳೆ ನೋಡಲು ಬೇಕಾಗುವ ಗುರುತು. ಕಿಟಕಿಯ ಎದುರು ಫ್ರೇಮ್ ಹಾಕಿ ತೂಗುಹಾಕಿದರೆ ಬಿಸಿಲಿಗೆ ಬಣ್ಣವೂ ಸಹಿಯ ಶಾಯಿಯೂ ಮಾಸುತ್ತವೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಸುತ್ತಿಟ್ಟರೆ ಬೂಷ್ಟು ಹಿಡಿಯುವುದು ಖಂಡಿತ.

ಈಗಾಗಲೇ ದುಡ್ಡು ಕಳಿಸಿ, ನಕಲಿ ಬಂದಿದ್ದರೆ ಅಥವಾ ಏನೂ ಬರದಿದ್ದರೆ, ಮೆಸೇಜು ಡಿಲೀಟ್ ಮಾಡಬೇಡಿ. ಜಾಹೀರಾತು, ಮಾತುಕತೆ, ಯುಪಿಐ ಪಾವತಿಯ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಹಣ ಹೋಗಿರುವ ಆನ್‌ಲೈನ್ ವಂಚನೆಗೆ ಸೈಬರ್ ಸಹಾಯವಾಣಿ 1930ಕ್ಕೆ ತಡಮಾಡದೆ ಕರೆ ಮಾಡಿ, ಹಣ ಮುಂದಿನ ಖಾತೆಗೆ ದಾಟುವ ಮೊದಲು ತಡೆಹಿಡಿಯುವ ಅವಕಾಶ ಆಗ ಹೆಚ್ಚು. ಬಿಲ್ ಕೊಟ್ಟು ಮಾರಿದ ಅಂಗಡಿ ಅಥವಾ ಆ್ಯಪ್ ಮೇಲಿನ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.